ಗಾಳಿಗೆ ಚಾಚಿದ ಕೈ

೨೦೧೮ರ ಫೆಬ್ರವರಿ ೬, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಹರಳಿನ ಕೋಣೆಯ ಬಾಗಿಲು ಧಡಾರನೆ ಬಡಿದುಕೊಂಡಿತು.

"ಯಾರ್ರೀ ಅದು!"

ಒಳಗಿನ ದನಿಗೆ ಅವಳು ಬೆಚ್ಚಿ ನಿಂತಲ್ಲೇ ನಿಂತಳು. ಆ ಲ್ಯಾಬಿನಲ್ಲಿ ಅದು ಅವಳ ಮೊದಲ ದಿನ. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಜೋತುಬಿದ್ದ ವೈರು. ಕೋಣೆ ತಣ್ಣಗಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು. ಮೈಕ್ರೋಸ್ಕೋಪಿನ ಮೇಲೆ ಬಾಗಿದ್ದವನು ತಲೆಯನ್ನೂ ಎತ್ತಲಿಲ್ಲ.

"ತೊಟ್ಟಿಲಲ್ಲಿ ಮಗು ಮಲಗಿದ್ರೂ ಹೀಗೇ ಬಾಗಿಲು ಹಾಕ್ತೀರಾ?"

"ಇಲ್ಲಿ ಮಗು ಎಲ್ಲಿದೆ?"

"ಈ ತಟ್ಟೆಗಳ ತುಂಬ ಇವೆ. ಬಾಗಿಲು ಬಡಿದ್ರೆ ನಡುಗ್ತವೆ. ನಡುಗಿದ್ರೆ ಬೆಳೆಯಲ್ಲ."

'ಅಬ್ಬಾ! ಎಂಥ ಜಂಬ ಈ ಮನುಷ್ಯನಿಗೆ!' ಎಂದುಕೊಂಡಳು. ಆದರೆ ಬಾಗಿಲು ಬಡಿದದ್ದು ಅವಳ ಕೈಯಿಂದಲೇ.

"ಕ್ಷಮಿಸಿ..."

"ನನ್ನನ್ನಲ್ಲ, ಇವರನ್ನ ಕೇಳಿ." ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಬನ್ನಿ. ತಪ್ಪು ಮಾಡಿದವರು ಮುಖ ನೋಡಿ ಕ್ಷಮೆ ಕೇಳಬೇಕು."

ಅವಳು ಬಾಗಿ ನೋಡಿದಳು. ಒಂದು ಹನಿ ನೀರು. ಅದರ ನಡುವೆ ಗಾಜಿನ ಚೂರಿನಂಥ ಹರಳು, ಅಂಚಿನಲ್ಲಿ ಬೆಳಕು ನೀಲಿಯಾಗಿ, ಹಳದಿಯಾಗಿ ಒಡೆಯುತ್ತಿತ್ತು. ಉಸಿರು ಬಿಟ್ಟರೆ ಕದಡೀತೇನೋ ಎಂಬಂತೆ ಅವಳು ಉಸಿರು ಹಿಡಿದಳು.

"ಎಷ್ಟುದ್ದ ಇದೆ ಇದು?"

ಅವನು ನಕ್ಕುಬಿಟ್ಟ. "ಎಲ್ರೂ ಮೊದಲು ಚಂದ ಇದೆ ಅಂತಾರೆ."

"ಚಂದ ಅಳೆಯೋಕೆ ಬರಲ್ಲ. ಉದ್ದ ಬರುತ್ತೆ."

ಆಗ ಅವನು ಮೊದಲ ಸಲ ಅವಳ ಮುಖ ನೋಡಿದ. ಅವಳು ಹೊರಗೆ ಹೋಗುವಾಗ ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚಿದಳೆಂದರೆ, ಮುಚ್ಚಿತೋ ಇಲ್ಲವೋ ಎಂದು ಅವನೇ ಎದ್ದು ಬಂದು ನೋಡಬೇಕಾಯಿತು.

* * *

ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಹರಳಪ್ಪ ಎನ್ನುತ್ತಿದ್ದರು. ಪ್ರೋಟೀನಿನ ದ್ರಾವಣದಿಂದ ಹರಳು ಬೆಳೆಸಿ, ಅದರ ಮೇಲೆ ಎಕ್ಸ್‌ರೇ ಬಿಟ್ಟು, ಬಂದ ಮಸುಕು ನಕ್ಷೆಯೊಳಗೆ ಒಂದೊಂದೇ ಅಮೈನೋ ಆಮ್ಲವನ್ನು ಕೂರಿಸಿ ಪ್ರೋಟೀನಿನ ರೂಪ ಕಟ್ಟುವುದು ಅವನ ಕಸುಬು. ಸರದಲ್ಲಿ ಮಣಿ ಪೋಣಿಸಿದಂತೆ ಅಮೈನೋ ಆಮ್ಲಗಳು ಸಾಲಾಗಿರುತ್ತವೆ; ಸರ ಮುದುರಿ ಉಂಡೆಯಾದಾಗ ಎಲ್ಲೋ ಇದ್ದ ಮಣಿ ಇನ್ನೆಲ್ಲೋ ಇದ್ದ ಮಣಿಯ ಪಕ್ಕ ಬಂದು ನಿಲ್ಲುತ್ತದೆ. ಯಾವುದು ಯಾವುದನ್ನು ಮುಟ್ಟುತ್ತಿದೆ ಎಂದು ಅಳೆದು ಹೇಳುವುದು ಅವಳ ಕೆಲಸ. ಹಾಗಾಗಿ ಅವಳ ಹೆಸರು ಸ್ಕೇಲು.

ಅವಳ ಅಳತೆ ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಎರಡು ಪರಮಾಣುಗಳ ನಡುವೆ ನಾಲ್ಕು ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಇದ್ದರೆ ಸ್ಪರ್ಶ. ಹೆಚ್ಚಿದ್ದರೆ ಅವು ಬರೀ ಎದುರುಬದುರು.

ಇಬ್ಬರ ಮೇಜೂ ಅಕ್ಕಪಕ್ಕ. ಅಳೆದಾಗಲೆಲ್ಲ ಅವಳು ಅಂಕಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಅವನು ಅತ್ತಲಿಂದ ಕೇಳುತ್ತಿದ್ದ.

"ಮೂರು ಪಾಯಿಂಟ್ ಆರು."

"ಹತ್ರಾನಾ, ದೂರಾನಾ?"

"ಹತ್ರ."

"ಐದು ಪಾಯಿಂಟ್ ಎರಡು."

"ಹತ್ರಾನಾ, ದೂರಾನಾ?"

"ದೂರ ಕಣೋ! ಎಷ್ಟು ಸಲ ಹೇಳ್ಬೇಕು?"

"ನೀನು ಹತ್ರ ಅನ್ನೋವರೆಗೂ."

ಮೊದಲು 'ನೀವು' ಇದ್ದದ್ದು 'ನೀನು' ಆಗಿತ್ತು. ಅದು ಯಾವಾಗ ಆಯಿತೆಂದು, ಎಲ್ಲವನ್ನೂ ಅಳೆಯುವ ಅವಳಿಗೂ ಗೊತ್ತಾಗಲಿಲ್ಲ.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಅಕ್ಕ. ಅವನನ್ನೇ ಮದುವೆಯಾಗುತ್ತೇನೆಂದು ತಿಳಿಸಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಳೆದೂ ಸುರಿದೂ ಕೊನೆಗೆ ಹರಳಪ್ಪಾನಾ? ಸರಿ, ಕರ್ಕೊಂಡು ಬಾ. ನಿಮ್ಮ ಭಾವ ಮಾತಾಡ್ಲಿ."

ಮುಂದಿನ ಭಾನುವಾರ ಎಂದು ಗೊತ್ತಾಯಿತು.

* * *

ಆ ಭಾನುವಾರಕ್ಕೆ ಮೊದಲು ಒಂದು ಬುಧವಾರ ಇತ್ತು.

ಲ್ಯಾಬಿನ ಮುಖ್ಯಸ್ಥೆ, ಎಲ್ಲರ 'ಮೇಡಂ', ಒಂದು ನಿಯಮ ಮಾಡಿದ್ದರು. ಯಾರೇ ರೂಪ ಕಟ್ಟಿದರೂ ಪ್ರಕಟಣೆಗೆ ಮುಂಚೆ ಇನ್ನೊಬ್ಬರು ಅಳೆದು ನೋಡಬೇಕು. ಬುಧವಾರದ ಸಭೆಯವರೆಗೆ ಅಳೆದವರು ಕಟ್ಟಿದವರ ಜೊತೆ ಅದರ ಬಗ್ಗೆ ಮಾತಾಡಕೂಡದು.

ಬೇರೆಯವರ ಕೆಲಸ ಬಂದಾಗ ಅವಳು ಈ ನಿಯಮವನ್ನು ಅಷ್ಟೇನೂ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ರೂಪವನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ಕಣ್ಣಾರೆ ನೋಡುತ್ತಿದ್ದಳು. ಅನುಮಾನ ಬಂದರೆ ಕ್ಯಾಂಟೀನಿನಲ್ಲಿ ಸಿಕ್ಕಾಗ "ಅದೇನ್ರೀ ಅಲ್ಲಿ ಹಾಗಿದೆ?" ಎಂದು ಕೇಳಿಯೂಬಿಡುತ್ತಿದ್ದಳು.

ಈ ಸಲ ಬಂದದ್ದು ಅವನ ಕೆಲಸ. ಅವನು ಒಬ್ಬನೇ ಕಟ್ಟಿದ ಮೊದಲ ರೂಪ.

'ನಮ್ಮವನು ಅಂತ ಸಡಿಲ ಬಿಟ್ಟಳು ಅಂತ ಯಾರೂ ಅನ್ನಬಾರದು. ನಾಳೆ ನನಗೇ ಹಾಗನ್ನಿಸಬಾರದು. ಕಣ್ಣು ಮೋಸ ಮಾಡುತ್ತೆ... ಇವನದಾದರೆ ಇನ್ನೂ ಮಾಡುತ್ತೆ!'

ಅವಳು ಪರದೆಯ ಮೇಲೆ ಅದನ್ನು ತೆರೆಯಲೇ ಇಲ್ಲ. ತಾನೇ ಬರೆದ ಅಳತೆಯ ಪ್ರೋಗ್ರಾಮಿಗೆ ಫೈಲು ಕೊಟ್ಟು, ಬಂದ ಪಟ್ಟಿಯನ್ನು ನೋಡಿದಳು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಎಂಬತ್ತೇಳನೆಯ ಅಮೈನೋ ಆಮ್ಲ ಆರ್ಜಿನಿನ್. ಉದ್ದನೆಯ ಕೈಯಂಥ ಕವಲು ಅದಕ್ಕೆ. ಕೈಯ ತುದಿಯಲ್ಲಿ ವಿದ್ಯುತ್ತಿನ ಧನ ಅಂಶ. ಅಂಥ ಕೈ ಸಾಮಾನ್ಯವಾಗಿ ಋಣ ಅಂಶದ ಯಾವುದನ್ನಾದರೂ ಹಿಡಿದುಕೊಂಡಿರುತ್ತದೆ. ಇಲ್ಲಿ ನಾಲ್ಕು ಆಂಗ್‌ಸ್ಟ್ರಾಮ್‌ನೊಳಗೆ ಏನೂ ಇರಲಿಲ್ಲ. ಕೈ ಗಾಳಿಗೆ ಚಾಚಿತ್ತು.

ಪಕ್ಕದ ಮೇಜಿನಲ್ಲಿ ಅವನು ಶಿಳ್ಳೆ ಹಾಕುತ್ತ ಏನೋ ಟೈಪು ಮಾಡುತ್ತಿದ್ದ. ಕೇಳಲೇ? ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು.

ಬುಧವಾರ ಸಭೆಯಲ್ಲಿ ಅವಳ ಪಟ್ಟಿ ಓದಿ ಮೇಡಂ ಕನ್ನಡಕ ಮೇಲೇರಿಸಿದರು.

"ಈ ಕೈ ಹಿಡಿಯೋಕೆ ಅಲ್ಲಿ ಯಾರೂ ಇಲ್ಲ. ನಿನ್ನ ನಕ್ಷೆನೂ ಅಲ್ಲಿ ಮಸುಕು. ಮತ್ತೆ ಕೈ ಆ ಕಡೆಗೇ ಇದೆ ಅಂತ ನಿನಗೆ ಹೇಳಿದ್ದು ಯಾರಪ್ಪ? ಕಲ್ಪನೆನಾ?"

"ಹರಳಪ್ಪ ಕವಿತೆ ಬರೆದಿದಾನೆ ಮೇಡಂ!" ಯಾರೋ ಹಿಂದಿನಿಂದ ಅಂದರು. ಸಭೆ ನಕ್ಕಿತು.

ಅವನು ಮೇಡಂ ಕಡೆ ನೋಡಲಿಲ್ಲ. ನಕ್ಕವರ ಕಡೆಯೂ ನೋಡಲಿಲ್ಲ. ಅವಳನ್ನೇ ನೋಡಿದ.

"ನೀನು ನೋಡಿದ್ಯಾ?"

"ಅಳೆದಿದೀನಿ," ಎಂದಳು ಅವಳು. ದನಿ ಗಟ್ಟಿಯಾಗಿರಲೆಂದು ಉಗುರನ್ನು ಅಂಗೈಗೆ ಒತ್ತಿಕೊಂಡಿದ್ದಳು.

"ಸರಿ," ಎಂದು ಅವನು ಕೂತುಬಿಟ್ಟ. ಮತ್ತೆ ಬಾಯಿ ಬಿಡಲಿಲ್ಲ.

ಸ್ಕೇಲು ಅಳೆದಿದೆ ಎಂದ ಮೇಲೆ ಆ ಲ್ಯಾಬಿನಲ್ಲಿ ಮೇಲ್ಮನವಿ ಇರಲಿಲ್ಲ. ಮೇಡಂ ಕೂಡ ಮತ್ತೆ ತೆರೆದು ನೋಡಲಿಲ್ಲ. ಕೆಲಸವನ್ನು ಅವನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು.

ಕಾರಿಡಾರಿನಲ್ಲಿ ಅವಳು ಓಡಿಹೋಗಿ ಅವನನ್ನು ತಡೆದಳು.

"ಯಾಕೆ ಸುಮ್ನಿದ್ದೆ? ಒಂದು ಮಾತಾದ್ರೂ ಹೇಳಬಹುದಿತ್ತಲ್ಲ!"

"ನೀನು ಒಂದು ಮಾತಾದ್ರೂ ಕೇಳಬಹುದಿತ್ತಲ್ಲ."

"ನಿಯಮ ಇದೆ ಕಣೋ..."

"ಹೌದು. ನಿಯಮ ಇದೆ."

ಅವನು ಹೊರಟುಹೋದ. ಸಿಟ್ಟಾದವರು ಬಾಗಿಲು ಬಡಿಯುತ್ತಾರೆ. ಅವನು ಸದ್ದಾಗದಂತೆ ಮುಚ್ಚಿದ. ಬಡಿದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಭಾನುವಾರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂಜೆಯವರೆಗೂ ಕುರ್ಚಿಯಲ್ಲಿ ಕೂತಿದ್ದ. ಅಕ್ಕ ಬಾಗಿಲಿಗೂ ಒಲೆಗೂ ಓಡಾಡಿದಳು. ಯಾರೂ ಬರಲಿಲ್ಲ. ಅವನು ಫೋನೂ ಎತ್ತಲಿಲ್ಲ.

'ತಪ್ಪಿಲ್ಲದವನು ಯಾಕೆ ಬಾಯಿ ಮುಚ್ಚಿಕೊಂಡಿರುತ್ತಾನೆ? ಇಲ್ಲದ ಕೈಯನ್ನು ಬರೆದವನು ಇಲ್ಲದ ಪ್ರೀತಿಯನ್ನೂ ಬರೆದಿರಬಹುದು...' ಹಾಗಂದುಕೊಂಡು ಅವಳು ಅಳುವುದನ್ನು ನಿಲ್ಲಿಸಿದಳು. ಅನುಮಾನಕ್ಕೆ ಆ ಒಂದು ಉಪಕಾರ ಗೊತ್ತು, ಕಣ್ಣೀರನ್ನು ಒಣಗಿಸುತ್ತದೆ.

ತಿಂಗಳಾಗುವಷ್ಟರಲ್ಲಿ ಅವನು ಕೆಲಸ ಬಿಟ್ಟಿದ್ದ. ಆ ಪ್ರೋಟೀನಿನ ರೂಪ ಪ್ರಕಟವಾಯಿತು, ಎಂಬತ್ತೇಳನೆಯ ಕೈಯನ್ನು ಬುಡದಲ್ಲೇ ಕತ್ತರಿಸಿ. ಹೆಸರುಗಳ ಸಾಲಿನಲ್ಲಿ ಅವನದು ಕೊನೆಯಲ್ಲಿತ್ತು.

* * *

ಮೂರು ವರ್ಷ ಕಳೆಯಿತು. ಅಂಕಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುವ ಅಭ್ಯಾಸವನ್ನು ಅವಳು ಬಿಟ್ಟಿದ್ದಳು. ಮೇಜಿನ ಪಕ್ಕ ಈಗ ಪ್ರಿಂಟರ್ ಇತ್ತು.

ಒಂದು ಮಧ್ಯಾಹ್ನ ಅದೇ ಪ್ರೋಟೀನಿನ ಇನ್ನೊಂದು ರೂಪ ಬಂತು. ಬೇರೆ ಲ್ಯಾಬಿನವರು ಬೇರೆ ಬಗೆಯ ಹರಳು ಬೆಳೆಸಿ ಕಟ್ಟಿದ್ದರು. ಅವರ ಫೈಲಿನಲ್ಲಿ ಒಂದಲ್ಲ, ಎರಡು ಅಣುಗಳು ಜೊತೆಗಿದ್ದವು. ಅವಳು ಪ್ರೋಗ್ರಾಮಿಗೆ ಕೊಟ್ಟಳು. ಪಟ್ಟಿಯ ನಡುವೆ ಒಂದು ಸಾಲು: ಮೊದಲ ಅಣುವಿನ ಆರ್ಜಿನಿನ್ ಎಂಬತ್ತೇಳು, ಎರಡನೆಯ ಅಣುವಿನ ಋಣ ಅಂಶದ ಆಸ್ಪಾರ್ಟೇಟ್ ನಲವತ್ತೊಂದು. ಸ್ಪರ್ಶ.

ಆ ಸಾಲನ್ನು ಅವಳು ಮತ್ತೊಮ್ಮೆ ಓದಿದಳು.

ಹರಳೆಂದರೆ ಒಂದೇ ಅಣು ಸಾಲುಸಾಲಾಗಿ ಜೋಡಿಸಿಕೊಂಡದ್ದು. ಕಟ್ಟುವವರು ಒಂದನ್ನೇ ಫೈಲಿನಲ್ಲಿ ಬರೆದು, ಉಳಿದವು ಹೇಗೆ ಜೋಡಿಸಿಕೊಳ್ಳುತ್ತವೆ ಎಂಬ ಸೂತ್ರವನ್ನಷ್ಟೇ ಜೊತೆಗಿಡುತ್ತಾರೆ. ನೆಲದ ಟೈಲ್ಸ್ ನೋಡಿಲ್ಲವೇ? ಒಂದೇ ಟೈಲನ್ನು ಕೈಯಲ್ಲಿ ಹಿಡಿದರೆ ಅಂಚಿನಲ್ಲಿ ಅರ್ಧ ಹೂವು. ಬರೆದವನಿಗೆ ತಲೆಯಿಲ್ಲ ಅನ್ನಿಸುತ್ತದೆ. ಪಕ್ಕಕ್ಕೆ ಇನ್ನೊಂದನ್ನು ಕೂರಿಸಿದರೆ ಹೂವು ತುಂಬುತ್ತದೆ.

ಅವನ ಫೈಲಿನಲ್ಲಿ ಒಂದೇ ಟೈಲು ಇತ್ತು. ಅವಳ ಪ್ರೋಗ್ರಾಮು ಫೈಲಿನಲ್ಲಿದ್ದುದನ್ನು ಮಾತ್ರ ಅಳೆಯುತ್ತಿತ್ತು. ಅದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದಕ್ಕೇ ಬೇರೆ ಎಲ್ಲರ ಕೆಲಸವನ್ನೂ ನೆರೆಯ ಅಣುಗಳನ್ನು ಕೂರಿಸಿ ಕಣ್ಣಾರೆ ನೋಡುತ್ತಿದ್ದಳು. ನೋಡದೆ ಬಿಟ್ಟದ್ದು ಒಬ್ಬನದನ್ನು ಮಾತ್ರ. ಪ್ರೀತಿಸಿದವನದನ್ನು.

'ನೀನು ನೋಡಿದ್ಯಾ?' ಎಂದು ಕೇಳಿದ್ದ...

ಅವನ ಹಳೆಯ ಫೈಲು ತೆರೆದಳು. ನೆರೆಯ ಅಣುವನ್ನು ಪಕ್ಕಕ್ಕೆ ಕೂರಿಸಿದಳು. ಅಳೆದಳು. ಅಂಕಿ ಪರದೆಯ ಮೂಲೆಯಲ್ಲಿ ಮೂಡಿದಾಗ, ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಹಳೇ ಗಾಯ ಕೆರೆದ್ರೆ ರಕ್ತಾನೇ ಬರೋದು, ಬಿಡಮ್ಮ. ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಆಗ್ಬೇಕು. ಖಾಯಂ ಮಾಡೋರು ಏನಂತಾರೆ? ಇವಳ ಅಳತೆ ನಂಬೋದು ಹ್ಯಾಗೆ ಅಂತಾರೆ. ಆ ಕೈ ಯಾರಿಗೆ ನೆನಪಿದೆ ಹೇಳು?"

"ಅವನಿಗೆ ನೆನಪಿದೆ ಮೇಡಂ."

"ಅವನು ಆಗ ಬಾಯಿ ಬಿಟ್ನಾ?"

"ಇಲ್ಲ. ನಾನು ಕಣ್ಣು ಬಿಡಲಿಲ್ಲ."

ತಿದ್ದುಪಡಿಯನ್ನು ಅವಳು ಅಂದೇ ಪತ್ರಿಕೆಗೆ ಕಳಿಸಿದಳು. ತಪ್ಪು ಅಳತೆಯದು, ಅಳೆದದ್ದು ನಾನು, ಕಟ್ಟಿದವರದು ಸರಿಯಿತ್ತು ಎಂದು. ಖಾಯಂ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

"ಒಬ್ಬನನ್ನ ಅಳೆದು ಕಳ್ಕೊಂಡೆ. ಈಗ ಕೆಲಸಾನೂ ಅಳೆದು ಕಳ್ಕೊಂಡ್ಯಾ?" ಅಕ್ಕ ತಟ್ಟೆಯನ್ನು ಕುಕ್ಕಿದಳು. ಆಮೇಲೆ ಪಕ್ಕದಲ್ಲಿ ಕೂತು, ಮೆಲ್ಲಗೆ, "ಎಲ್ಲಿದಾನಂತೆ ಅವನು?" ಎಂದಳು.

* * *

ಅವನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದ.

ಬಸ್ಸಿಳಿಯುವಾಗಲೇ ಕಾಕಂಬಿಯ, ಸಕ್ಕರೆ ತೆಗೆದು ಉಳಿದ ಕಪ್ಪು ಪಾಕದ, ವಾಸನೆ ಗಂಟಲಿಗೆ ಅಂಟಿಕೊಂಡಿತು. ಲ್ಯಾಬೆಂದರೆ ತಗಡಿನ ಮಾಡಿನ ಒಂದು ಕೋಣೆ. ಮೇಜಿನ ಮೇಲೆ ಒಂದರ ಮೇಲೊಂದು ಜರಡಿಗಳನ್ನು ಜೋಡಿಸಿ ಅಲುಗಾಡಿಸುವ ಯಂತ್ರ ಗಡಗಡ ಎನ್ನುತ್ತಿತ್ತು. ಸಕ್ಕರೆಯ ಕಾಳು ಯಾವ ಜರಡಿಯಲ್ಲಿ ನಿಂತಿತೆಂದು ನೋಡಿ ಬರೆದುಕೊಳ್ಳುತ್ತಿದ್ದ ಅವನು. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ಅವಳನ್ನು ನೋಡಿ ಪೆನ್ನು ಕೆಳಗಿಟ್ಟ.

"ಬನ್ನಿ ಮೇಡಂ. ಕೂತ್ಕೊಳ್ಳಿ."

ಆ 'ಬನ್ನಿ' ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ನನ್ನನ್ನ ಮೇಡಂ ಅಂತೀಯಾ?"

"ದೊಡ್ಡ ಜಾಗದಿಂದ ಬಂದಿದೀರಿ. ಇಲ್ಲಿ ನಡುಗಿದ್ರೂ ಹಾಳಾಗದ ಹರಳುಗಳಿವೆ, ಬಾಗಿಲು ಬೇಕಾದ ಹಾಗೆ ಹಾಕಬಹುದು." ಸಕ್ಕರೆಯ ನಡುವೆ ಕೂತವನ ಮಾತು ಬೇವಿನಂತಿತ್ತು. "ಏನು ಅಳೆಯೋಕೆ ಬಂದ್ರಿ?"

"ಎಂಬತ್ತೇಳು... ನೀನು ಬರೆದಿದ್ದೇ ಸರಿ ಇತ್ತು. ಪಕ್ಕದ ಅಣುವಿನ ಆಸ್ಪಾರ್ಟೇಟ್ ಹಿಡಿದಿತ್ತು ಅದನ್ನ. ನಾನು ಪಕ್ಕದ್ದನ್ನ ಕೂರಿಸಿ ನೋಡ್ಲೇ ಇಲ್ಲ."

"ಗೊತ್ತು."

ಯಂತ್ರ ತಾನಾಗಿ ನಿಂತಿತು.

"ಗೊತ್ತು?"

"ಕಟ್ಟಿದವನು ನಾನು. ಕೈ ಯಾರನ್ನ ಹಿಡಿದಿದೆ ಅಂತ ನೋಡದೆ ಬರೀತೀನಾ? ಸಭೆಯಲ್ಲಿ ನೀವು ಅಳೆದಿದೀನಿ ಅಂದಾಗಲೇ ತಿಳೀತು, ನೋಡಿಲ್ಲ ಅಂತ."

"ಮತ್ತೆ ಹೇಳ್ಲಿಲ್ಲ ಯಾಕೆ!" ಅವಳು ಎದ್ದುನಿಂತಿದ್ದಳು. ಮೂರು ವರ್ಷದ ಒಣಗಿದ ಕಣ್ಣೀರು ಒಂದೇ ಸಲಕ್ಕೆ ಉಕ್ಕಿ ಬಂತು. "ಅಷ್ಟು ಜನ ನಗುವಾಗ ಒಂದು ಮಾತು... ಒಂದೇ ಮಾತು! ನೀನು ಸುಳ್ಳು ಬರೆದೆ ಅಂತ ನಂಬ್ಕೊಂಡು ಬದುಕಿದೀನಿ ನಾನು. ಅಕ್ಕನ ಮನೇಲಿ ಆ ಭಾನುವಾರ... ಭಾವ ಆ ಅಂಗೀನ ಮತ್ತೆ ಹಾಕೇ ಇಲ್ಲ ಗೊತ್ತಾ ನಿನಗೆ?"

ಅವನು ಜರಡಿಯ ಅಂಚಿಗೆ ಅಂಟಿದ ಕಾಳನ್ನು ಬೆರಳಿನಿಂದ ಒರೆಸಿದ. ಮತ್ತೆ ಒರೆಸಿದ.

"ಜಂಬ," ಎಂದ ಕೊನೆಗೆ. "ಮೊದಲು ಕೋಪ ಇತ್ತು. ಊರಿನವರ ಕೆಲಸಾನೆಲ್ಲ ತಿರುಗಿಸಿ ನೋಡ್ತಾಳೆ, ನಂದನ್ನ ತೆರೆದೂ ನೋಡ್ಲಿಲ್ಲ ಅಂತ. ಇವತ್ತು ನೋಡ್ತಾಳೆ, ನಾಳೆ ಬಂದು ಕೇಳ್ತಾಳೆ ಅಂತ ಕಾದೆ. ಆಮೇಲೆ ಕಾಯೋದೇ ಜಂಬ ಆಯ್ತು. ಆಮೇಲೆ ಹರಳಿನ ತಟ್ಟೆ ಎತ್ತಿದ್ರೆ ಕೈ ನಡುಗೋಕೆ ಶುರುವಾಯ್ತು. ನಡುಗುವ ಕೈಗೆ ಹರಳು ಬರಲ್ಲ."

ಅವನು ಕೈ ಚಾಚಿ ತೋರಿಸಿದ. ಬೆರಳ ತುದಿಗಳು ಸಣ್ಣಗೆ ಅದುರುತ್ತಿದ್ದವು.

ತಿದ್ದುಪಡಿ ಎಷ್ಟು ಬೇಕಾದರೂ ಬರೆಯಬಹುದು. ಈ ಬೆರಳುಗಳಿಗೆ ತಿದ್ದುಪಡಿ ಎಲ್ಲಿ ಕಳಿಸುವುದು?

"ಪತ್ರಿಕೆಗೆ ಬರೆದು ಕಳಿಸಿದೀನಿ," ಎಂದಳು ಕೊನೆಗೆ. "ತಪ್ಪು ನಂದು ಅಂತ. ನಿನ್ನ ಹೆಸರು ಮೊದಲು ಬರುತ್ತೆ."

"ಏನು!" ಅವನ ಮುಖ ಕೆಂಪಾಯಿತು. "ನಿನ್ನ ಕೆಲಸ?"

"ಹೋಗುತ್ತೆ. ವರ್ಷದ ಕೊನೆಗೆ."

"ತಲೆ ಕೆಟ್ಟಿದ್ಯೇನೇ ನಿಂಗೆ? ನನ್ನನ್ನೊಂದು ಮಾತು ಕೇಳಿದ್ಯಾ? ಆಗಲೂ ಕೇಳ್ಲಿಲ್ಲ, ಈಗಲೂ ಕೇಳ್ಲಿಲ್ಲ! ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಹಾಗೆ..."

ಅವನು ತಡೆದ. ತಾನು 'ನೀನು' ಎಂದದ್ದು ಅವನ ಕಿವಿಗೂ ಬಿದ್ದಿತ್ತು.

ಅವಳು ಅಳುತ್ತಲೇ ನಕ್ಕಳು. ಆ ನಗುವಿನಲ್ಲೂ ಸುಖ ಇರಲಿಲ್ಲ. ಆದರೆ ಮೂರು ವರ್ಷದಲ್ಲಿ ಅವಳು ಯಾರ ಎದುರೂ ಹಾಗೆ ನಕ್ಕಿರಲಿಲ್ಲ.

"ಸರಿ. ಈಗ ಕೇಳ್ತೀನಿ."

ಜರಡಿಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಅವನ ಹಳೆಯ ರೂಪವನ್ನು ತೆರೆದಳು. ಪಕ್ಕಕ್ಕೆ ನೆರೆಯ ಅಣುವನ್ನು ಕೂರಿಸಿದಳು. ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಇಲ್ಲಿ ನಿಂಗೆ ಏನು ಕಾಣ್ತಿದೆ? ನೋಡಿ ಹೇಳು."

ಅವನು ಬಹಳ ಹೊತ್ತು ನೋಡಿದ. ಮೌಸಿನ ಮೇಲಿದ್ದ ಕೈ ಅದುರುತ್ತಿದ್ದರಿಂದ ಪರದೆಯ ಮೇಲಿನ ಎರಡು ಅಣುಗಳೂ ಅದುರುತ್ತಿದ್ದವು. ಅವಳು ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು. ಅದುರುವುದು ನಿಲ್ಲಲಿಲ್ಲ, ಕಡಿಮೆಯಾಯಿತು.

"ಕೈ ಹಿಡ್ಕೊಂಡಿದಾವೆ," ಎಂದ. "ನಾನು ಆ ಲ್ಯಾಬಿಗೆ ವಾಪಸ್ ಬರಲ್ಲ. ಹೇಳ್ಬಿಟ್ಟಿದೀನಿ."

"ಬಾ ಅಂತ ನಾನು ಕೇಳಿಲ್ಲ."

"ಮತ್ತೆ ಏನು ಕೇಳ್ತೀಯಾ?"

"ಭಾನುವಾರ ಅಕ್ಕನ ಮನೆಗೆ ಬರ್ತೀಯಾ?"

ಹೊರಗೆ ಪಾಳಿ ಮುಗಿದ ಸೈರನ್ ಕೂಗಿತು. ಕೆಲಸಗಾರರ ಮಾತು ಕಿಟಕಿಯ ಹೊರಗೆ ಹಾದುಹೋಯಿತು. ಅವನ ಕಣ್ಣು ಪರದೆಯ ಮೇಲೇ ಇತ್ತು.

"ನಿಮ್ಮ ಭಾವ ನನ್ನನ್ನ ಹೊಡೀತಾರೆ."

"ಹೊಡೀತಾರೆ. ಆಮೇಲೆ ಒಳಗೆ ಕರೀತಾರೆ."

"ಎಷ್ಟು ಬಂತು?" ಎಂದ ಅವನು, ಪರದೆಯ ಕಡೆ ಗಲ್ಲ ತೋರಿಸಿ. "ಗಟ್ಟಿಯಾಗಿ ಹೇಳು. ಕೇಳಿ ಎಷ್ಟು ಕಾಲ ಆಯ್ತು."

ಅವಳು ಹೇಳಿದಳು.

"ಹತ್ರಾನಾ, ದೂರಾನಾ?"

"ಹತ್ರ ಕಣೋ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಪರದೆಯ ಮೇಲೆ ಎರಡು ಕೈಗಳ ನಡುವಿನ ಚುಕ್ಕೆ ಗೆರೆಯ ಪಕ್ಕದಲ್ಲಿ ಅಂಕಿ ಹಾಗೇ ಇತ್ತು: ೨.೮ ಆಂಗ್‌ಸ್ಟ್ರಾಮ್.